ಹಾಸ್ಯಗಾರರ ಬದಲು ನಾನು ಕೊಟ್ಟ ಉತ್ತರ

ಹಿಂದೂಪುರದ ನಮ್ಮ ಮನೆಯಲ್ಲಿ ಹೋದ ವರ್ಷವೆಲ್ಲ ಬೆಳಗಾದರೆ ಒಂದೇ ಪ್ರಶ್ನೆ: ಪುಸ್ತಕ ಬಂತಾ? ಕೇಳುತ್ತಿದ್ದವರು ನಮ್ಮ ಯಜಮಾನರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಡುವ ಮುಂಚೆ ಮೊಬೈಲ್ ತೆಗೆದು ವಾಟ್ಸಾಪ್ ಗುಂಪು ನೋಡಲೇಬೇಕು. ಹಿಂದೂಪುರ, ರೊದ್ದಂ, ಕಲ್ಯಾಣದುರ್ಗದವರೆಲ್ಲ ಇದ್ದ ಆ ಗುಂಪಿನವರು ಒಬ್ಬ ಹಾಸ್ಯಗಾರರ ಅಭಿಮಾನಿಗಳು. ನಮ್ಮ ಗಡಿ ಸೀಮೆಯ ವೇದಿಕೆಗಳ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ನಗಿಸುತ್ತ ಬಂದ ಹಿರಿಯರು ಅವರು. ಕಲ್ಯಾಣದುರ್ಗದ ಒಬ್ಬ ಕಾಲೇಜು ಮೇಷ್ಟ್ರು ಅವರನ್ನು ಆಗಾಗ ಸಂದರ್ಶನ ಮಾಡಿ, ಅವನ್ನೆಲ್ಲ ಕನ್ನಡದಲ್ಲಿ ಪುಸ್ತಕ ಮಾಡುತ್ತಿದ್ದರು. ಯುಗಾದಿಗೆ ಬರುತ್ತದೆ ಎಂದರು, ಆಮೇಲೆ ದಸರಾಕ್ಕೆ ಎಂದರು, ಆಮೇಲೆ ಪ್ರೆಸ್ಸಿನಲ್ಲಿದೆ ಎಂದರು.

ಎಲ್ಲರೂ ಕಾಯುತ್ತಿದ್ದರೆ, ಆ ಪ್ರೆಸ್ಸು ಕೆಟ್ಟು ಕೂರಲಿ ಎಂದು ನಾನೊಬ್ಬಳು ಬೇಡಿಕೊಳ್ಳುತ್ತಿದ್ದೆ. ಆ ಪುಸ್ತಕದ ಒಂದು ಸಂದರ್ಶನದಲ್ಲಿ ಉತ್ತರ ಕೊಟ್ಟವರು ಅವರಲ್ಲ, ನಾನು. ಅದರಲ್ಲಿ ನಮ್ಮ ಯಜಮಾನರ ಮೇಲೆ ಒಂದು ಮಾತಿತ್ತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವರ ಮುಖಕ್ಕೆ ಹೇಳದೆ ಇದ್ದ ಮಾತು.

ಹಾಸ್ಯಗಾರರ ವಿಚಿತ್ರಗಳನ್ನು ಹೇಳದಿದ್ದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. ವೇದಿಕೆಗೆ ಬಂದರೆ ಮೊದಲ ಹತ್ತು ನಿಮಿಷ ಜನಕ್ಕೆ ಬೆನ್ನು ಮಾಡಿ ಕೂತು ಪರದೆಯ ಕ್ಷೇಮಸಮಾಚಾರ ವಿಚಾರಿಸುತ್ತಾರೆ. ಹುಟ್ಟಿದ್ದು ಎಲ್ಲಿ ಎಂದು ಕನ್ನಡದಲ್ಲಿ ಕೇಳಿದರೆ ಸೆಟ್ಟೂರು, ತೆಲುಗಿನಲ್ಲಿ ಕೇಳಿದರೆ ರೊದ್ದಂ. ಮಕ್ಕಳೆಷ್ಟು ಎಂದು ಯಾರೋ ಕೇಳಿದ್ದಕ್ಕೆ, ತಡೀರಿ ಎಂದು ವೇದಿಕೆಯಿಂದಲೇ ಮನೆಗೆ ಫೋನ್ ಮಾಡಿ ವಿಚಾರಿಸಿದರಂತೆ. ಇದರಲ್ಲಿ ನಿಜ ಎಷ್ಟು, ಆಟ ಎಷ್ಟು ಎಂದು ಗುಂಪಿನಲ್ಲಿ ದಿನವೂ ಜಗಳ. ಪುಸ್ತಕ ಬಂದರೆ ಎಲ್ಲ ತಿಳಿಯಾಗುತ್ತದೆ ಎಂದು ನಮ್ಮವರು ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತಿದ್ದರು. ಅಷ್ಟರಲ್ಲಿ ಹಾಸ್ಯಗಾರರೇ ಗುಂಪಿಗೆ ಧ್ವನಿ ಸಂದೇಶ ಕಳಿಸಿದರು: ಪುಸ್ತಕ ಬರೋದಿಲ್ಲ. ಮಾರನೆಯ ದಿನ ಇನ್ನೊಂದು: ಓದಿ ಮುಗಿಸಿದೆ, ಕೊನೆ ಚೆನ್ನಾಗಿಲ್ಲ. ಒಂದು ವಾರ ಯಾರಿಗೂ ದಿಕ್ಕು ತೋಚಲಿಲ್ಲ.

ನಾನು ಸಿಕ್ಕಿಬಿದ್ದದ್ದು ಅದಕ್ಕೂ ಹಿಂದಿನ ವರ್ಷ. ಕಲ್ಯಾಣದುರ್ಗಕ್ಕೆ ಕೊಟ್ಟಿರುವ ತಂಗಿಯನ್ನು ನೋಡಲು ಹೊರಟಿದ್ದೆ. ಹಾಸ್ಯಗಾರರ ಮನೆಯೂ ಅಲ್ಲೇ. ಸೀರೆಗೆಂದು ಮಗ್ಗಕ್ಕೆ ಹಾಕಿ ಮಿಕ್ಕಿದ ಹಾಸುನೂಲಿನಲ್ಲಿ ನಮ್ಮವರು ಹಾಸ್ಯಗಾರರಿಗೆಂದು ಒಂದು ರೇಷ್ಮೆ ಶಲ್ಯ ನೆಯ್ದಿದ್ದರು. ಮಗ್ಗ ಬಿಟ್ಟು ಬರುವಂತಿರಲಿಲ್ಲ, ನನ್ನ ಕೈಗೆ ಕೊಟ್ಟರು.

"ಅವ್ರ ಕೈಗೇ ಕೊಡು. ನಮ್ ಗುಂಪಿನ ಹೆಸ್ರು ಹೇಳು. ಜಾಸ್ತಿ ಮಾತಾಡ್ಬೇಡ" ಎಂದು ಬಸ್ಸು ಹತ್ತುವವರೆಗೂ ಹೇಳಿದರು.

ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಹೋದೆ. ಹಾಸ್ಯಗಾರರು ಜಗಲಿಯ ಮೇಲೆ ಬನಿಯನ್ನಿನ ಮೇಲೊಂದು ಟೈ ಕಟ್ಟಿಕೊಂಡು ಶೇಂಗಾ ಸುಲಿಯುತ್ತಿದ್ದರು. ಶಲ್ಯ ಕೊಟ್ಟೆ, ಗುಂಪಿನ ಹೆಸರು ಹೇಳಿದೆ. ಅವರು ಶಲ್ಯ ಬಿಚ್ಚಿ ನೋಡಿ ನನ್ನ ಹೆಗಲಿಗೇ ಹೊದಿಸಿಬಿಟ್ಟರು.

"ಇವತ್ತು ನೀನೇ ನಾನು ಕಣಮ್ಮ. ನಂಗೆ ನನ್ ಮ್ಯಾಲೆ ಬ್ಯಾಸ್ರ ಬಂದ್ಬುಟ್ಟದೆ. ಹೋಗು, ಒಳ್ಗೆ ಮೇಷ್ಟ್ರು ಕಾಯ್ತಾವ್ರೆ."

ಒಳಗೆ ಮೇಷ್ಟ್ರು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಹಿಂಗೇ ಮಾಡ್ತಾರಮ್ಮ. ಹೋದ್ಸಲ ಹಾಲಿನೋರನ್ನ ಕೂರ್ಸಿದ್ರು. ಯಾರು ಹೇಳಿದ್ರೂ ಅವ್ರ ಮಾತು ಅಂತ್ಲೇ ಅಚ್ಚಾಗ್ಬೇಕು, ಇಲ್ದಿದ್ರೆ ಪುಸ್ತಕಾನೇ ಬ್ಯಾಡ ಅಂತಾರೆ. ಕೂತ್ಕೊಳ್ಳಿ" ಎಂದರು.

ನನಗೆ ನಗಬೇಕೋ ಎದ್ದು ಓಡಬೇಕೋ ತಿಳಿಯಲಿಲ್ಲ. ಕೂತೆ. ಬೆಳಗಿನ ತಿಂಡಿಗೆ ಏನಿಷ್ಟ ಎಂದು ಕೇಳಿದರು. ಮಂಡಕ್ಕಿಯ ಉಗ್ಗಾನಿ ಎಂದೆ. ಯಾರನ್ನು ಕಂಡರೆ ಭಯ ಎಂದು ಕೇಳಿದರು. ಮಾತಾಡದೆ ತಲೆಯಾಡಿಸುವವರನ್ನು ಎಂದೆ. ಮೇಷ್ಟ್ರು ಗಂಭೀರವಾಗಿ ಕಿವಿಗೊಟ್ಟು ಕೂತಿದ್ದರು. ನನ್ನನ್ನು ಯಾರಾದರೂ ಹೀಗೆ ಸಾಲಾಗಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು ಕೂತದ್ದು ಅದೇ ಮೊದಲು. ಮೂರನೆಯ ಪ್ರಶ್ನೆ ಬಂತು: "ನಗ್ಸೋದನ್ನ ಬಿಟ್ಬಿಡೋಣ ಅಂತ ಯಾವತ್ತಾದ್ರೂ ಅನ್ಸಿತ್ತಾ?"

ಅಲ್ಲಿ ನನ್ನ ಬಾಯಿ ಹತೋಟಿ ತಪ್ಪಿತು. ಮದುವೆಗೆ ಮುಂಚೆ ನಾನು ರೊದ್ದಂನಲ್ಲಿ ಬೀದಿಗೆಲ್ಲ ಬೇಕಾದವಳಾಗಿದ್ದೆ. ಶಾಲೆಯ ಟೀಚರು, ಬಸ್ಸಿನ ಕಂಡಕ್ಟರು, ಪೂಜಾರಪ್ಪ, ಯಾರನ್ನು ಬೇಕಾದರೂ ಅವರ ಹಾಗೆಯೇ ಮಾಡಿ ತೋರಿಸುತ್ತಿದ್ದೆ. ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೊದಲ ತಿಂಗಳು ಮನೆ ತುಂಬ ನೆಂಟರಿದ್ದರು. ನಮ್ಮ ಸೀರೆ ತೆಗೆದುಕೊಳ್ಳುವ ರೇಷ್ಮೆ ಸಾಹುಕಾರರು ಬಂದು ಹೋಗಿದ್ದರು. ಸೀರೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಪ್ಪು ಹೇಳುವ ಮುಂಚೆ ಒಂದು ನಿಟ್ಟುಸಿರು ಬಿಡುವುದು ಅವರ ಅಭ್ಯಾಸ. ಅವರು ಬೀದಿಯ ತಿರುವು ದಾಟುತ್ತಲೇ ನಾನು ಅದನ್ನು ಮಾಡಿ ತೋರಿಸಿದೆ. ನಮ್ಮತ್ತೆ ನಕ್ಕು ನಕ್ಕು ನೆತ್ತಿಗೇರಿ ನೀರು ಕೇಳಿದರು. ಆಗ ನಮ್ಮವರು, "ಸಾಕು, ಒಳಕ್ಕೆ ಹೋಗು" ಎಂದರು. ಬೈಯಲಿಲ್ಲ. ಬಾಗಿಲು ಹಾಕು ಎನ್ನುವ ದನಿಯಲ್ಲೇ ಹೇಳಿದ್ದು. ನಾನು ಹೋದೆ. ಆಮೇಲೆ ಯಾರನ್ನೂ ಮಾಡಿ ತೋರಿಸಲಿಲ್ಲ. ನಮ್ಮವರು ಹಾಸ್ಯಗಾರರ ಜೋಕುಗಳನ್ನು ಬಂದವರಿಗೆಲ್ಲ ಹೇಳುವಾಗ ಪಕ್ಕದಲ್ಲಿ ಕೂತು ನಗುವುದು ನನ್ನ ಕೆಲಸವಾಯಿತು.

ಇಷ್ಟನ್ನೂ ಮೇಷ್ಟ್ರಿಗೆ ಹೇಳಲಿಲ್ಲ, ಸದ್ಯ. ಹೇಳಿದ್ದು ಇಷ್ಟು: "ಒಂದ್ಸಲ ನಮ್ ಮನೇಲೇ ಒಬ್ರು, ಸಾಕು ಒಳಕ್ಕೆ ಹೋಗು ಅಂದ್ರು. ಹೋದೆ. ಹೊರ್ಗೆ ಬಾ ಅಂತ ಯಾರೂ ಕರೀಲಿಲ್ಲ. ಈಗ ಕರೆದ್ರೂ ದಾರಿ ಗೊತ್ತಾಗಕಿಲ್ಲ."

ಹೇಳಿ ಮುಗಿಸುತ್ತಲೇ, ಅದನ್ನು ತೆಗೆದುಬಿಡಿ ಎಂದು ಮೇಷ್ಟ್ರನ್ನು ಗೋಗರೆದೆ. ಜಗಲಿಯಿಂದಲೇ ಹಾಸ್ಯಗಾರರು ಕೂಗಿದರು: "ಅದು ನನ್ ಮಾತು ಕಣಮ್ಮ. ತೆಗೀರಿ ಅನ್ನಕ್ಕೆ ನೀನ್ಯಾರು?"

ಶಲ್ಯ ಅವರಿಗೆ ಹೊದಿಸಿ ಬಂದೆ. ವಾಪಸು ಬರುವಾಗ ಪೆನುಕೊಂಡದಲ್ಲಿ ಕಾರ್ ಫ್ಯಾಕ್ಟರಿಯ ಶಿಫ್ಟ್ ಬಿಟ್ಟು ಬಸ್ಸು ತುಂಬಿತು. ನಾನು ನಿಂತುಕೊಂಡೇ ಯೋಚಿಸಿದೆ. ಆ ಮನುಷ್ಯ ನನ್ನ ಮಾತನ್ನು ಕಿತ್ತುಕೊಂಡರೋ, ಜೋಪಾನ ಮಾಡಿದರೋ? ಹಿಂದೂಪುರ ಬಂದರೂ ಬಗೆಹರಿಯಲಿಲ್ಲ. ಮನೆಯಲ್ಲಿ ಯಜಮಾನರು "ಏನಂದ್ರು? ಏನಂದ್ರು?" ಎಂದು ಬೆನ್ನು ಹತ್ತಿದರು. ಶಲ್ಯ ಚೆನ್ನಾಗಿದೆ ಅಂದರು ಎಂದು ಸುಳ್ಳು ಹೇಳಿದೆ.

ಅಲ್ಲಿಂದ ಶುರುವಾದ ಕಾಯುವಿಕೆ ಇದು. ಪುಸ್ತಕ ಬರದಿರಲಿ ಎಂದು ಬೇಡಿಕೊಂಡವಳೇ, ಮತ್ತೆ ತಡ ಎಂದಾಗ ಸಿಡಿಮಿಡಿಗೊಂಡು ಪಾತ್ರೆ ಕುಕ್ಕುತ್ತಿದ್ದೆ. ಇವರಿಗೆ ಗೊತ್ತಾದರೆ ಹೇಗೆ ಎಂದು ಹೆದರಿಕೆ. ಓದಿಯೂ ಗೊತ್ತಾಗದಿದ್ದರೆ ಹೇಗೆ ಎನ್ನುವುದು ಅದಕ್ಕಿಂತ ದೊಡ್ಡ ಹೆದರಿಕೆ. ಇನ್ನೊಂದು ಗೊಂದಲವೂ ಇತ್ತು. ಒಂದು ಸಂದರ್ಶನ ನನ್ನದು, ಒಂದು ಹಾಲಿನವರದು, ಮಿಕ್ಕವು ಯಾರು ಯಾರದೋ. ಹಾಗಾದರೆ ಇಷ್ಟು ಜನ ಕಾಯುತ್ತಿರುವುದು ಯಾರ ಮಾತಿಗೆ?

ಒಂದು ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗದಿಂದ ಪುಸ್ತಕದ ಕಟ್ಟು ಬಂತು. ಪಕ್ಕದ ಬೀದಿಯ ಟೈಲರಪ್ಪ, ಗುಂಪಿನ ಇನ್ನೂ ನಾಲ್ಕೈದು ಮಂದಿ ನಮ್ಮ ಪಡಸಾಲೆಯಲ್ಲಿ ಸೇರಿದರು. ಯಜಮಾನರು ಕನ್ನಡಕ ಒರೆಸಿಕೊಂಡು ಜೋರಾಗಿ ಓದತೊಡಗಿದರು. ನಾನು ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದೆ. ಉಗ್ಗಾನಿಯ ಉತ್ತರ ಬಂತು. ಹಾಸ್ಯಗಾರರು ಮಂಡಕ್ಕಿ ಮುಟ್ಟುವುದೇ ಇಲ್ಲ ಎಂದು ಟೈಲರಪ್ಪ ತಕರಾರು ತೆಗೆದರು. ಅದರ ಮೇಲೆ ಕಾಲು ಗಂಟೆ ವಾದವಾಯಿತು. ಆಮೇಲೆ ಆ ಮಾತು ಬಂತು. ನಮ್ಮವರು ಅದನ್ನು ಓದಿದರು. ಇನ್ನೊಂದು ಸಲ ನಿಧಾನವಾಗಿ ಓದಿದರು.

"ಯಾರಪ್ಪ ಹಂಗಂದಿದ್ದು? ಅವ್ರಪ್ಪನಾ?" ಎಂದರು ಟೈಲರಪ್ಪ.

"ಯಾರಾದ್ರೇನು? ಅಂಥೋನಿಗೆ ಬುದ್ಧಿ ಇತ್ತಾ?" ಯಜಮಾನರ ದನಿ ನಿಜವಾಗಿಯೂ ನಡುಗುತ್ತಿತ್ತು. "ಇಂಥ ಮನುಷ್ಯನ್ನ ಒಳಕ್ಕೆ ಹೋಗು ಅಂದ್ಬುಟ್ನಲ್ಲ! ಕಣ್ಣು ಕಾಣಿಸ್ತಿರ್ಲಿಲ್ವಾ ಅವ್ನಿಗೆ?" ಆಮೇಲೆ ನನ್ನ ಕಡೆ ತಿರುಗಿದರು. "ನೀನು ಅವ್ರ ಮನೆಗೆ ಹೋಗಿದ್ಯಲ್ಲೇ. ಏನಾದ್ರೂ ಅಂದ್ರಾ? ಯಾರಂತೆ ಅದು?"

"ನೀವೇ" ಎಂದೆ.

ನಮ್ಮವರು ತೊಡೆ ತಟ್ಟಿಕೊಂಡು ನಕ್ಕರು. ಟೈಲರಪ್ಪ ಕಣ್ಣೊರೆಸಿಕೊಂಡರು. "ಏನಂದ್ಲು ನೋಡಿದ್ರಾ! ಬಲೇ ಚೆಪ್ಪಿಂದಿ, ಬಲೇ ಹೇಳಿದ್ಲು!" ಎಂದು ತೆಲುಗು ಬೆರೆಸಿ ಹೊಗಳಿದ್ದೇ ಹೊಗಳಿದ್ದು. ಇಪ್ಪತ್ತಾರು ವರ್ಷದ ಮೇಲೆ ನಾನು ಆ ಪಡಸಾಲೆಯನ್ನು ನಗಿಸಿದ್ದೆ, ಅದೂ ನಿಜ ಹೇಳಿ. ಖುಷಿಯೂ ಆಯಿತು, ಎದೆಗೆ ಗುದ್ದಿದ ಹಾಗೂ ಆಯಿತು. ಒಳಗೆ ಹೋಗಿ ಕಾಫಿಗೆ ಇಟ್ಟು ಅಳುತ್ತ ನಿಂತೆ.

ಎಲ್ಲರೂ ಹೋದ ಮೇಲೆ ಯಜಮಾನರು ಖಾಲಿ ಲೋಟಗಳನ್ನು ತಂದಿಟ್ಟರು. ಇನ್ನೂ ನಗುತ್ತಿದ್ದರು. "ಚೆನ್ನಾಗಿ ಹೇಳ್ದೆ ಕಣೆ" ಎಂದರು.

"ತಮಾಷೆ ಅಲ್ಲ ಅದು" ಎಂದೆ. ಶಲ್ಯ, ಮೇಷ್ಟ್ರು, ರೇಷ್ಮೆ ಸಾಹುಕಾರರ ನಿಟ್ಟುಸಿರು, ನೆತ್ತಿಗೇರಿದ ಅತ್ತೆ, ಎಲ್ಲ ಹೇಳಿದೆ. ಅವರು ಮಣೆ ಎಳೆದುಕೊಂಡು ಕೂತರು. ಪುಸ್ತಕ ತಂದು ಆ ಪುಟವನ್ನು ಮತ್ತೆ ಓದಿದರು, ಈ ಸಲ ದನಿಯಿಲ್ಲದೆ.

"ನಂಗೆ ಜ್ಞಾಪಕಾನೇ ಇಲ್ವಲ್ಲೇ" ಎಂದರು.

ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ನಾನೂ ಕೂತು ಲೋಟ ತಿಕ್ಕತೊಡಗಿದೆ. ಆಮೇಲೆ ಅವರೇ, "ಈಗ ಮಾಡು, ನೋಡ್ತೀನಿ" ಎಂದರು.

"ಯಾರ್ದು ಮಾಡ್ಲಿ? ನಾನು ಮಾಡ್ತಿದ್ದೋರೆಲ್ಲ ಸತ್ತೋದ್ರು" ಎಂದೆ. ಅದೂ ನಿಜವೇ.

"ನಂದೇ ಮಾಡು."

ಬರುವುದಿಲ್ಲ ಎನ್ನಲು ಹೊರಟವಳು ಎದ್ದು ನಿಂತೆ. ಬಂದವರಿಗೆ ಜೋಕು ಹೇಳುವಾಗ ಅವರು ಕೂರುವ ಹಾಗೆ ಕೂತೆ. ಕೈ ಎತ್ತಿದೆ, ಅವರ ದನಿಯಲ್ಲಿ ಎರಡು ಸಾಲು ಹೇಳಿದೆ, ಎಲ್ಲರಿಗಿಂತ ಮೊದಲು ನಾನೇ ನಕ್ಕೆ. ನಕ್ಕ ತಕ್ಷಣ ಅವರು ಮಾಡುವುದೊಂದಿದೆ, ಅದನ್ನೂ ಮಾಡಿದೆ: ನಗು ನಿಲ್ಲಿಸದೆ ಕಣ್ಣಂಚಿನಲ್ಲಿ ಪಕ್ಕಕ್ಕೆ ನೋಡುವುದು, ಅಲ್ಲಿ ಕೂತಿರುವ ಹೆಂಡತಿ ನಕ್ಕಳೋ ಇಲ್ಲವೋ ಎಂದು.

ಅವರು ನಗಲಿಲ್ಲ.

"ನಾನು ಹಂಗೆ ನೋಡ್ತೀನಾ ನಿನ್ನ?"

"ದಿನಾ ನೋಡ್ತೀರ" ಎಂದೆ.