ಕಾಕಾನ ಮೂಗಿಗೆ ಎಣ್ಣೆಯ ಘಾಟು ಬರದ ದಿನ

ಒಂದು ನಿಮಿಷ, ಈಗಲೇ ಮುಂದಕ್ಕೆ ಸರಿಸಬೇಡಿ. ನಮ್ಮ ಕಾಕಾನ ಮೂಗಿನ ಸಂಗತಿ ಇದೆ, ಅದನ್ನು ಕೇಳಿಯೇ ಹೋಗಿ.

ನಮ್ಮದು ಗಂಗಾವತಿ ಹತ್ತಿರದ ಮರಳಿ ಎಂಬ ಊರು. ಸುತ್ತ ಭತ್ತ. ಕಾಕಾ, ಅಂದರೆ ಅಪ್ಪನ ತಮ್ಮ, ಇಪ್ಪತ್ತು ವರ್ಷದಿಂದ ನಮ್ಮ ಗದ್ದೆಗೂ ಊರವರ ಗದ್ದೆಗೂ ಎಣ್ಣೆ ಹೊಡೆಯುತ್ತಿದ್ದ. ಕೀಟನಾಶಕವನ್ನು ನಮ್ಮಲ್ಲಿ ಎಣ್ಣೆ ಅನ್ನುತ್ತಾರೆ. ಆದರೆ ಅವನ ಹೆಸರಿದ್ದದ್ದು ಮೂಸುವುದರಲ್ಲಿ. ಹೊಸ ಬಾಟಲಿ ತಂದವರು ಮುಚ್ಚಳ ತೆಗೆದು ಮೊದಲು ಅವನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಘಾಟು ಹೊಡೆದರೆ ಅಸಲಿ, ಇಲ್ಲದಿದ್ದರೆ ನಕಲಿ. ಅವನು ತಲೆಯಾಡಿಸಿದ ಮೇಲೆಯೇ ಡ್ರಮ್ಮಿಗೆ ಸುರಿಯುವುದು. ಆಮೇಲೆ ಅವನೇ ಮೊಣಕೈವರೆಗೆ ಕೈ ಇಳಿಸಿ ಕಲಸುವುದು.

ಹೋದ ವರ್ಷ ಒಂದು ಬಾಟಲಿ ಮೂಸಿ "ಇದು ಡುಪ್ಲಿಕೇಟ್" ಅಂದ. ನನ್ನ ಬೈಕಿನ ಹಿಂದೆ ಹತ್ತಿ, ಅದನ್ನು ಮಾರಿದ ಗಂಗಾವತಿಯ ಅಂಗಡಿಗೇ ಬಂದ.

"ಏನ್ರಿ ಸಾವ್ಕಾರ್ರ, ನೀರು ತುಂಬಿ ಮಾರಾಕ ಹತ್ತೀರೇನು?"

"ಹಂಗ್ಯಾಕಂತೀಯೋ ಮಾರಾಯಾ. ತಗೋ, ನಿನ್ನೆದುರಿಗೇ ಇನ್ನೊಂದು ಸೀಲ್ ಒಡೀತೀನಿ."

ಮುಚ್ಚಳ ತೆಗೆದದ್ದೇ ನಾನು ಕೆಮ್ಮಿದೆ. ಬೀಜ ಕೊಳ್ಳಲು ಬಂದಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಮುಚ್ರೀ ಯಪ್ಪಾ, ತಲಿ ತಿರಗಾಕತ್ತೈತಿ" ಎಂದಳು. ಕಾಕಾ ಮಾತ್ರ ಬಾಟಲಿಯನ್ನು ಇನ್ನೂ ಹತ್ತಿರ ತಂದು ಎರಡು ಸಲ ಉಸಿರೆಳೆದ.

"ಇದೂ ನೀರ."

"ಎಣ್ಣಿ ಅಲ್ಲೋ, ನಿನ್ನ ಮೂಗು ಡುಪ್ಲಿಕೇಟ್ ಆಗೇತಿ ನೋಡು" ಎಂದ ಅಂಗಡಿಯವ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ನಾನು ಓದಿದ್ದು ಬಿ.ಎ., ಆದರೆ ಮಿದುಳಿನ ಬಗ್ಗೆ ಸಿಕ್ಕಿದ್ದೆಲ್ಲ ಮೊಬೈಲಿನಲ್ಲೇ ಕನ್ನಡ ಮಾಡಿಕೊಂಡು ಓದುವ ಚಟ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವ ಎಷ್ಟೋ ಜನಕ್ಕೆ, ನಡುಕ ಶುರುವಾಗುವ ವರ್ಷಗಳ ಮೊದಲೇ ವಾಸನೆ ಹಿಡಿಯುವ ಶಕ್ತಿ ಕುಂದುತ್ತದಂತೆ. ಕೆಲವು ಕೀಟನಾಶಕಗಳ ಜೊತೆ ಬಹಳ ಕಾಲ ಕೆಲಸ ಮಾಡಿದವರಲ್ಲಿ ಆ ಕಾಯಿಲೆ ಹೆಚ್ಚು ಕಂಡಿದೆ ಎಂದೂ ಸಂಶೋಧಕರು ಬರೆದಿದ್ದರು. ಹೆಚ್ಚು ಕಂಡಿತು ಅಂದರೆ ಅದರಿಂದಲೇ ಬಂತು ಎಂದಲ್ಲ, ಅದನ್ನೂ ಬರೆದಿದ್ದರು. ಅಂಗಡಿಯಲ್ಲಿ ನಿಂತಾಗ ಈ ಕೊನೆಯ ಮಾತು ನೆನಪಾಗಲಿಲ್ಲ.

ಮನೆಗೆ ಬಂದು ಕಾಕಾನ ಕಣ್ಣು ಮುಚ್ಚಿಸಿ, ಮೂಗಿನ ಮುಂದೆ ಇಂಗಿನ ಡಬ್ಬಿ ಹಿಡಿದೆ.

"ಏನೈತಿ ಹೇಳು ಕಾಕಾ."

"ಏನೈತಿ? ಬರೇ ಕೈ ಹಿಡದಿ."

ಒಲೆಯ ಮುಂದಿದ್ದ ಕಾಕಿ ತಿರುಗಿದಳು. "ಅದಕ್ಕ ಮೊನ್ನೆ ಹಾಲು ಹೊತ್ತಿ ಕರ್ರಗಾದ್ರೂ ಅದರ ಮುಂದ ಸುಮ್ನ ಕುಂತಿದ್ರಿ. ನಾ ಸುಳ್ಳೇ ಬೈದೆ."

ಮರುವಾರ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಅವರು ಕಾಕಾನನ್ನು ನಡೆಸಿದರು, ಬೆರಳಿಗೆ ಬೆರಳು ತಟ್ಟಿಸಿದರು, ಹಾಳೆಯ ಮೇಲೆ ಚಕ್ಕುಲಿಯಂಥ ಸುರುಳಿ ಬರೆಸಿದರು. ಗೆರೆ ನಡುಗಲಿಲ್ಲ.

"ಈಗ ಆ ಕಾಯಿಲೆ ಲಕ್ಷಣ ಕಾಣವಲ್ದು. ಮೂಗಿನ ಶಕ್ತಿ ಹೋಗಾಕ ನೆಗಡಿ, ವಯಸ್ಸು, ಭಾಳ ಕಾರಣ ಅದಾವ. ಮೂಗಿನ ಡಾಕ್ಟರಿಗೂ ತೋರಸ್ರಿ. ಮುಂದ ಏನು ಅಂತ ನಾ ಹೇಳಾಕಾಗೂದಿಲ್ಲ, ಆರು ತಿಂಗಳಿಗೊಮ್ಮೆ ಬರ್ರಿ. ಎಣ್ಣಿ ಮೂಸೂದು, ಬರಿಗೈಲೆ ಕಲಸೂದು ಮಾತ್ರ ಇವತ್ತಿಗೇ ಬಿಡ್ರಿ."

"ಮೂಸದ ಅಸಲಿ ನಕಲಿ ಹೆಂಗ ತಿಳಿಬೇಕ್ರಿ?" ಎಂದ ಕಾಕಾ.

"ಅದು ನಮ್ಮ ಪುಸ್ತಕದಾಗ ಇಲ್ಲಪಾ."

ವಾಪಸು ಬರುವಾಗ ಕಾಕಾ ತನ್ನ ಕೈಯನ್ನು ನನ್ನ ಮುಂದೆ ಚಾಚಿದ.

"ತಮ್ಮಾ, ನಡಗಾಕತ್ತೈತೇನು?"

"ಬಸ್ ನಡಗಾಕತ್ತೈತಿ ಕಾಕಾ."

ಅವನು ಎಣ್ಣೆ ಹೊಡೆಯುವುದು ನಿಲ್ಲಿಸಿದ. ಜನ ಬಾಟಲಿ ತರುವುದು ನಿಲ್ಲಿಸಲಿಲ್ಲ. ಈ ಹಂಗಾಮಿನಲ್ಲಿ ಪಕ್ಕದ ಗದ್ದೆಯವನೊಬ್ಬ ಮುಚ್ಚಳ ತೆಗೆದೇ ತಂದ. ಕಾಕಾ ಅಭ್ಯಾಸಬಲದಿಂದ ಬಗ್ಗಿದ, ತಡೆದುಕೊಂಡ, ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಇಷ್ಟೆಲ್ಲ ಓದಿದ ನಾನು ಅದನ್ನು ಸೀದಾ ಮೂಗಿಗೆ ಒಯ್ದೆ.

ಕಾಕಾ ನನ್ನ ಮಣಿಕಟ್ಟು ಹಿಡಿದ. "ಏ ಶಾಣ್ಯಾ, ನಿನ್ನ ಮೂಗಾದ್ರೂ ಉಳೀಲಿ. ಮೊದ್ಲ ಮುಚ್ಚು. ಆಮ್ಯಾಲ ಲೇಬಲ್ ಓದು."

ಮುಚ್ಚಿ, ಕಂಪನಿ ಹೆಸರು, ಬ್ಯಾಚ್ ನಂಬರು, ತಾರೀಖು ಎಲ್ಲ ಜೋರಾಗಿ ಓದಿದೆ. ನನ್ನನ್ನು ಹಿಡಿದಿದ್ದ ಕಾಕಾನ ಕೈ ಅಲುಗದೆ ಗಟ್ಟಿಯಾಗಿತ್ತು.

ನಿಮ್ಮ ಊರಿನಲ್ಲಿ ಎಣ್ಣೆಯ ಅಸಲಿ ನಕಲಿ ಹೇಗೆ ನೋಡುತ್ತೀರಿ? ಮೂಸಿ ನೋಡುವವರು ನಿಮ್ಮಲ್ಲೂ ಇದ್ದರೆ, ಈಗ ಅವರಿಗೆ ಇಂಗಿನ ವಾಸನೆ ಗೊತ್ತಾಗುತ್ತದೆಯೇ? ಕೇಳಿ ನೋಡಿ, ನನಗೂ ಬರೆಯಿರಿ.