ಮೈಮೇಲೆ ಹಾಕುವ ಗುಂಡಿ

ಬೆಳಿಗ್ಗೆ ಮೈದಾನದ ಕಡೆಯಿಂದ ಗುಂಯ್ ಅಂತ ಸದ್ದು ಏಳುತ್ತದೆ. ತರಬೇತಿ ವಿಮಾನಗಳು ಒಂದರ ಹಿಂದೊಂದು ಅಂಗಡಿಯ ತಗಡಿನ ಮೇಲೆ ಹಾದುಹೋಗುವಾಗ ಗೂಡಿನ ಗುಂಡಿ ಡಬ್ಬಿಗಳು ಗಲಗಲ ಎನ್ನುತ್ತವೆ. ಟೈಲರ್ ಮಾಸ್ಟರ್ ಮೆಷಿನ್ ನಿಲ್ಲಿಸಿ, ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಎಣಿಸುತ್ತಾರೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

“ಎಲ್ಲ ನಿಮ್ಮ ಅಪ್ಪಣೆ ಪಡೆದೇ ಹಾರೋದು,” ಕಾಜ ಹೊಲಿಯುತ್ತ ಕೂತ ಹೆಂಡತಿ ತಲೆ ಎತ್ತದೆ ಹೇಳುತ್ತಾಳೆ. “ಪ್ಯಾಂಟು ಕೇಳ್ಕೊಂಡು ಬಂದವರನ್ನ ಮಾತ್ರ ನಾಳೆ ಬಾ ಅಂತ ಅಟ್ಟಿಬಿಡಿ.”

ಮಾಸ್ಟರ್ ಬಳಿ ನಾಳೆಗಳಿಗೆ ಬರವಿಲ್ಲ. ಸಾಲದ್ದಕ್ಕೆ ಒಂದು ಕಟ್ಟುಪಾಡು ಬೇರೆ: ಕೋಟಿನ ಕೊನೆಯ ಗುಂಡಿಯನ್ನು ತೊಟ್ಟವರ ಮೈಮೇಲೇ ಹಾಕಬೇಕು. ಹ್ಯಾಂಗರಿಗೆ ಹೊಟ್ಟೆ ಇದೆಯೇನು, ಅನ್ನುವುದು ಅವರ ವಾದ.

ಹೋದ ವರ್ಷ ತರಬೇತಿಗೆ ಬಂದವರಲ್ಲಿ ಒಬ್ಬ ಉದ್ದನೆಯ ಹುಡುಗ ಈ ಅಂಗಡಿಗೆ ಅಂಟಿಕೊಂಡಿದ್ದ. ರಜೆ ಸಿಕ್ಕಿದರೆ ಸಾಕು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಮಾಸ್ಟರನ್ನು ಕೆಣಕುತ್ತಿದ್ದ.

“ನೀವು ವಿಮಾನ ಮಾಡಿದ್ದಿದ್ರೆ ಒಂದು ರೆಕ್ಕೆ ಹಾಕಿ, ಇನ್ನೊಂದಕ್ಕೆ ನಾಳೆ ಬಾ ಅಂತಿದ್ರಿ.”

“ನಿನಗೆ ಹೊಲಿಯೋದೇ ಕಷ್ಟ ಕಣೋ. ಎಡಗೈ ಅರ್ಧ ಇಂಚು ಉದ್ದ.”

“ನನ್ನ ಕೈ ಸರಿಯಾಗೇ ಇದೆ. ನಿಮ್ಮ ಟೇಪು ಜಗ್ಗಿಹೋಗಿದೆ!”

ಜಗಳ ತಿಂಗಳುಗಟ್ಟಲೆ ನಡೆಯಿತು. ತರಬೇತಿ ಮುಗಿಯುವ ದಿನಕ್ಕೆಂದು ಅವನು ಕೋಟು ಹೊಲಿಯಲು ಹಾಕಿದ. ಮಾಸ್ಟರ್ ಹಠ ಹಿಡಿದು ಎಡತೋಳನ್ನು ಅರ್ಧ ಇಂಚು ಉದ್ದವೇ ಕತ್ತರಿಸಿದರು. ಬುಧವಾರ ಸಂಜೆ ಕೊನೆಯ ಗುಂಡಿಗೆ ಬಾ ಅಂದರು.

ಬುಧವಾರ ಬೆಳಿಗ್ಗೆ ಐದು ವಿಮಾನ ಹೋದವು. ನಾಲ್ಕು ಬಂದವು.

“ಎಲ್ಲೋ ತಪ್ಪಿ ಎಣಿಸಿದೆ ಕಣೇ,” ಎಂದು ಹೆಂಡತಿಗೆ ಹೇಳಿ, ಮಧ್ಯಾಹ್ನದವರೆಗೂ ಬಾಗಿಲಲ್ಲೇ ನಿಂತಿದ್ದರು. ಎಣಿಸಿದ್ದು ಸರಿಯಾಗಿಯೇ ಇತ್ತು. ಊರಾಚೆಯ ಬಯಲಲ್ಲಿ ಬಿದ್ದ ವಿಮಾನದಲ್ಲಿ ಇದ್ದವನು ಅದೇ ಹುಡುಗ.

ಕೋಟು ಗೋಡೆಯ ಮೊಳೆಯಲ್ಲೇ ಉಳಿಯಿತು. ಈ ತಿಂಗಳು ಹುಡುಗನ ತಂಗಿ ಅದನ್ನು ಕೇಳಿಕೊಂಡು ಎರಡು ಸಲ ಬಂದಳು. ಎರಡು ಸಲವೂ ಮಾಸ್ಟರ್ ಅವಳ ಮುಖ ನೋಡದೆ, “ಇನ್ನೂ ಮುಗಿದಿಲ್ಲಮ್ಮ, ನಾಳೆ ಬಾ,” ಅಂದರು. ಇವತ್ತು ವಿಮಾನಗಳು ಮೇಲೆ ಹೋದ ಸ್ವಲ್ಪ ಹೊತ್ತಿಗೆ ಅವಳು ಮೂರನೇ ಸಲ ಬಂದು ನಿಂತಳು.

“ಬರಿಗೈಲಿ ಹೋದ್ರೆ ಅಮ್ಮ ಒಳಗೇ ಸೇರಿಸಲ್ಲ, ಮಾಸ್ಟರ್. ಅಣ್ಣನ ಕೋಟು ಕೊಟ್ಬಿಡಿ.”

“ಒಂದು ಗುಂಡಿಗೆ ಒಂದು ವರ್ಷ ಬೇಕೇನ್ರೀ?” ಹೆಂಡತಿಯೂ ಸೇರಿಸಿದಳು.

“ಯಾರ ಮೈಮೇಲೆ ಹಾಕಲಿ ಹೇಳೇ?” ಎಂದು ಮಾಸ್ಟರ್ ಗದರಿದರು.

ತಂಗಿ ಮೊಳೆಯಿಂದ ಕೋಟು ಇಳಿಸಿ ತೊಟ್ಟುಕೊಂಡಳು. ಬೆರಳ ತುದಿಯೂ ಕಾಣದಂತೆ ತೋಳುಗಳು ಅವಳ ಕೈಗಳನ್ನು ನುಂಗಿದವು.

“ಇಗೋ, ಹೊಟ್ಟೆ. ಹಾಕಿ.”

ಸೂಜಿಗೆ ದಾರ ಪೋಣಿಸಲು ಮಾಸ್ಟರಿಗೆ ಎರಡು ಸಲ ಯತ್ನಿಸಿದರೂ ಆಗಲಿಲ್ಲ. ಹೆಂಡತಿ ಕಸಿದುಕೊಂಡು ಪೋಣಿಸಿ ಕೊಟ್ಟಳು. ಗುಂಡಿ ಕೂರತೊಡಗಿತು.

“ಉಸಿರಾಡಬಹುದಾ ಮಾಸ್ಟರ್?”

ಅವರ ಕೈ ನಿಂತಿತು. ಅಳತೆ ಕೊಡುವಾಗೆಲ್ಲ ಆ ಹುಡುಗ ಕೇಳುತ್ತಿದ್ದುದೂ ಇದನ್ನೇ.

“ಬಾಯಿ ಮುಚ್ಕೊಂಡು ನಿಂತ್ಕೋ,” ಎಂದರು, ಅವನಿಗೆ ಹೇಳುತ್ತಿದ್ದ ಹಾಗೆಯೇ. ದಾರ ಕಚ್ಚಿ ತುಂಡರಿಸಿದರು.

ಅವಳು ಎರಡೂ ಕೈ ಮುಂದೆ ಚಾಚಿ ನೋಡಿದಳು. “ಎಡತೋಳು ಉದ್ದ ಇದೆ!”

“ಅವನ ಕೈಯೇ ಹಾಗಿತ್ತು.”

“ಅಮ್ಮನೂ ಅದನ್ನೇ ಹೇಳ್ತಾಳೆ. ಚಿಕ್ಕಂದಿನಿಂದ ಯಾವ ಅಂಗಿ ಹಾಕಿದ್ರೂ ಎಡಗಡೆ ಗಿಡ್ಡ ಆಗ್ತಿತ್ತಂತೆ. ಅಣ್ಣ ಒಪ್ತಾನೇ ಇರಲಿಲ್ಲ.”

ಮಾಸ್ಟರ್ ಮುಖ ಊರಗಲವಾಯಿತು.

“ಕೇಳಿಸ್ತೇನೇ? ಅವತ್ತೇ ಹೇಳಿರಲಿಲ್ವಾ ನಾನು! ಟೇಪು ಜಗ್ಗಿದೆಯಂತೆ, ಟೇಪು! ಬರಲಿ ಅವನು, ಕಿವಿ ಹಿಂಡಿ...”

ಮೈದಾನದ ಕಡೆಗೆ ಸದ್ದು ಮರಳುತ್ತಿತ್ತು. ಮಾತನ್ನು ಅಲ್ಲೇ ಬಿಟ್ಟು, ಕೊರಳಲ್ಲಿ ಟೇಪು ತೂಗಾಡುತ್ತಿದ್ದಂತೆ, ಮಾಸ್ಟರ್ ಎಣಿಸಲು ಹೊರಗೆ ನಡೆದರು.