ಕರೆಯದೆ ಹೋದ ತವರು

ಆ ದಿನ ರೊಟ್ಟಿ ಮೂರು ಸಲ ಹರಿಯಿತು.

ಮೊದಲನೆಯದು ಹರಿದಾಗ ಹಿಟ್ಟು ಸರಿಯಾಗಿ ನಾದಿಲ್ಲ ಎಂದುಕೊಂಡೆ. ಎರಡನೆಯದು ಹರಿದಾಗ ನೀರು ಬಿಸಿ ಸಾಲಲಿಲ್ಲ ಎಂದುಕೊಂಡೆ. ಮೂರನೆಯದು ಬಡಿಯುತ್ತಿದ್ದಂತೆಯೇ ಎರಡಾಯಿತು. ಆಗ ಕೈ ನೋಡಿಕೊಂಡೆ. ನಡುಗುತ್ತಿತ್ತು. ಉರಿಯುವ ಒಲೆಯ ಮುಂದೆ ಕೂತು ಚಳಿಯಿಂದ ಹಲ್ಲು ಕಡಿಯುತ್ತಿದ್ದೆ.

ಅದು ಟೈಫಾಯ್ಡ್ ಎಂದು ತಿಳಿಯಲು ಆರು ದಿನ ಹಿಡಿಯಿತು. ಮೂಡಲಗಿಯ ನಮ್ಮ ಮನೆಯಿಂದ ಗೋಕಾಕದ ದವಾಖಾನೆಗೆ ನನ್ನನ್ನು ಗಾಡಿಯಲ್ಲಿ ಮಲಗಿಸಿ ಒಯ್ದರು. ಡಾಕ್ಟರು ಥರ್ಮಾಮೀಟರ್ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಇದಕ್ಕೆ ನೇರ ಔಷಧವಿಲ್ಲ, ಜ್ವರ ತಾನಾಗಿ ಇಳಿಯುವವರೆಗೆ ಕಾಯಬೇಕು ಎಂದರು. ಬಾರ್ಲಿ ನೀರು, ಮಿಕ್ಸ್ಚರ್, ಹಣೆಯ ಮೇಲೆ ಒದ್ದೆ ಬಟ್ಟೆ. ನಾಲ್ಕನೆಯ ವಾರದಲ್ಲಿ ಜ್ವರ ಇಳಿಯಿತು.

ನಾನು ಹಾಸಿಗೆ ಬಿಡಲಿಲ್ಲ.

ಮನೆಯಲ್ಲಿ ಯಾರೂ ನನ್ನನ್ನು ಕಡೆಗಣಿಸಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿದ್ದರು. ಗಾಳಿ ತಗಲಬಾರದೆಂದು ಕಿಟಕಿ ಮುಚ್ಚಿದ್ದರು. ಮಾವನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಾಗಿಲಿಗೆ ಬಂದು, “ಹೆಂಗದೀಯವಾ?” ಎಂದು ಕೇಳುತ್ತಿದ್ದರು. ಅವರು ಬಂದೊಡನೆ ನಾನು ಗೋಡೆ ಹಿಡಿದು ಎದ್ದು, ಸೆರಗು ತಲೆಗೆಳೆದು ನಿಲ್ಲುತ್ತಿದ್ದೆ. “ಕುಂಡ್ರವಾ, ಕುಂಡ್ರು” ಎನ್ನುತ್ತಿದ್ದರು. ಅವರು ಹೋದ ಮೇಲೆ ಕೂರುತ್ತಿದ್ದೆ. ಬೆಲ್ಲದ ವ್ಯಾಪಾರದ ಮನೆ, ದಿನವಿಡೀ ಹಿರಿಯರು ಬಂದು ಹೋಗುತ್ತಾರೆ. ಅವರೂ ಪ್ರೀತಿಯಿಂದಲೇ ವಿಚಾರಿಸಲು ಬರುವರು. ನಾನು ಪ್ರತಿ ಸಲ ಏಳುವೆ. ಹಾಗೆ ಏಳಬೇಡವೆಂದು ಹೇಳಬಹುದೆಂಬುದು ಯಾರಿಗೂ ಹೊಳೆಯಲಿಲ್ಲ. ಏಳದೆ ಇರಬಹುದೆಂಬುದು ನನಗೂ ಹೊಳೆಯಲಿಲ್ಲ.

ಕೂದಲು ಹಿಡಿಹಿಡಿಯಾಗಿ ಉದುರಿತು. ಮೂರು ವರ್ಷದ ಮಗಳು ಶಾಂತಾ ಕೈ ಚಾಚಿ ಬರುತ್ತಿದ್ದಳು. ಎತ್ತಿಕೊಳ್ಳಲು ಹೋಗಿ ಎರಡು ಸಲ ಅವಳೊಂದಿಗೆ ಕುಸಿದೆ.

ಆಮೇಲೆ ಅವಳು ಕೈ ಚಾಚುವುದನ್ನು ಬಿಟ್ಟಳು.

ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರು ಟಾನಿಕ್ ಬರೆಯಲಿಲ್ಲ. ನಮ್ಮ ಮನೆಯವರನ್ನು ಕೂರಿಸಿಕೊಂಡು ಹೇಳಿದರು: “ಜ್ವರ ಹೋಗೇತಿ. ಶಕ್ತಿ ತಿರುಗಿ ಬರವಲ್ದು. ಹವಾ ಬದಲು ಆಗಬೇಕು. ಹಿಂಗ ಇರೂವಾಗ ಇನ್ನೊಂದು ಜ್ವರ ಬಂದ್ರ ಇಕಿ ತಡಕೊಳ್ಳೂದಿಲ್ಲ.”

“ಕಳಸೂದು ಎಲ್ಲಿಗ್ರಿ?” ಎಂದರು ನಮ್ಮ ಮನೆಯವರು.

ನಮ್ಮ ಕಡೆ ಹೆಣ್ಣುಮಕ್ಕಳು ಮದುವೆಗೆ ಹೋಗುತ್ತಾರೆ, ಸತ್ತವರ ಮಣ್ಣಿಗೆ ಹೋಗುತ್ತಾರೆ. ಸುಮ್ಮನೆ ಹೋಗಿ ಇದ್ದು ಬರುವುದೆಂದರೆ ತವರು ಮಾತ್ರ, ಅದೂ ಅಣ್ಣನೋ ತಮ್ಮನೋ ಬಂದು ಕರೆದರೆ. ನನ್ನ ತಂದೆತಾಯಿ ಪ್ಲೇಗಿನಲ್ಲಿ ಹೋದರು. ಸಾಕಿದ ಕಾಕಾ ಎರಡು ವರ್ಷದ ಹಿಂದೆ ತೀರಿಕೊಂಡರು. ನನ್ನನ್ನು ಕರೆಯಲು ಬರುವವರು ಯಾರೂ ಉಳಿದಿರಲಿಲ್ಲ.

ಅಂದು ಸಂಜೆ ಅತ್ತೆ ನೀಲವ್ವ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಹೇಳಿದರು: “ನಾ ಕರಕೊಂಡು ಹೋಗ್ತೀನಿ. ದಡ್ಡಿಗೆ.”

ಮಾವನವರು ತಲೆಯೆತ್ತಿದರು. ದಡ್ಡಿ ಅತ್ತೆಯ ತವರು. ಅವರ ತಾಯಿ ಸತ್ತ ಮೇಲೆ ತಮ್ಮ ಕಲ್ಲಪ್ಪ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲು ಬರುವುದನ್ನು ನಿಲ್ಲಿಸಿದ್ದರು. ಹನ್ನೊಂದು ವರ್ಷವಾಗಿತ್ತು. ಕರೆಯದೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಅತ್ತೆ ಆಣೆ ಇಟ್ಟಿದ್ದರು.

“ಕರೀಲಾರದ ಹೋಗ್ತೀಯೇನು?”

“ಹೂಂರಿ.”

“ಮತ್ತ ನಿನ್ನ ಹಟ?”

“ಇಲ್ಲೇ ಇಟ್ಟು ಹೋಗ್ತೀನಿ. ನೀವ ಕಾಯ್ಕೋತ ಕುಂಡ್ರಿ.” ನನ್ನ ಕೋಣೆಯ ಕಡೆ ಕೈ ತೋರಿಸಿದರು: “ಇಕಿ ಈ ಮನ್ಯಾಗ ಆರಾಮ ಆಗಾಂಗಿಲ್ಲ. ಹಾಸಿಗಿ ಹಿಡದ್ರೂ ಸೊಸಿನ ಅದಾಳ. ನೀವು ಬಂದಾಗೊಮ್ಮೆ ಎದ್ದು ನಿಲ್ತಾಳ. ನಾ ನೋಡಾಕತ್ತೇನಿ.”

ಮಾವನವರು ಮರುದಿನ ಮೋಟಾರಿನಲ್ಲಿ ಜಾಗ ಹಿಡಿಯಲು ಆಳನ್ನು ಗೋಕಾಕಕ್ಕೆ ಕಳಿಸಿದರು.

ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ಹತ್ತರಗಿಯವರೆಗೆ ಮೋಟಾರು, ಅಲ್ಲಿಂದ ಬಾಡಿಗೆ ಗಾಡಿ. ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು, ಶಾಂತಾ ಅವರ ಪಕ್ಕದಲ್ಲಿ ಕೂತಿದ್ದಳು. ಪಶ್ಚಿಮಕ್ಕೆ ಹೋದಂತೆ ನಮ್ಮ ಕರಿ ನೆಲ ಕೆಂಪಾಗುತ್ತ ಬಂತು, ಗುಡ್ಡಗಳು ಹತ್ತಿರವಾದವು. ಒಂದು ಕಡೆ ಕುರಿ ಹಿಂಡು ದಾರಿ ತುಂಬಿತು. ಗಾಡಿ ನಿಂತಿತು. ನಾನು ತಲೆಯೆತ್ತಿ ಆ ಹಿಂಡು ದಾಟುವವರೆಗೂ ನೋಡಿದೆ. ಎಷ್ಟೋ ವಾರಗಳ ಮೇಲೆ ಒಂದು ವಸ್ತುವನ್ನು ಕೊನೆಯವರೆಗೆ ನೋಡಬೇಕು ಅನಿಸಿತ್ತು.

ದಡ್ಡಿಯ ಮನೆಯ ಮುಂದೆ ಗಾಡಿಯಿಂದ ಇಳಿದಾಗ ಕಲ್ಲಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದವರು ಹಾಗೆಯೇ ನಿಂತರು. ಅವರ ಹೆಂಡತಿ ಭೀಮವ್ವ ಕಾಲಿಗೆ ನೀರು ತಂದರು. ನೀರಿನ ಜೊತೆಗೆ ಮಾತನ್ನೂ ತಂದರು.

“ಹನ್ನೊಂದು ವರ್ಷಕ್ಕ ದಾರಿ ನೆಪ್ಪಾತೇನ್ರಿ, ಅಕ್ಕಾರ?”

“ನನಗ ನೆಪ್ಪಿತ್ತವಾ. ಕರಿಯಾಕ ಬರೋರು ಮರತಿದ್ರು.”

ಕಲ್ಲಪ್ಪ ನೆಲ ನೋಡಿದರು.

“ಇಕಿ ಸೊಸಿಯೇನ್ರಿ?” ಎಂದರು ಭೀಮವ್ವ, ನನ್ನ ಕಡೆ ತಿರುಗಿ.

“ಸೊಸಿ ಮೂಡಲಗ್ಯಾಗ ಉಳದಾಳ. ಇಕಿ ಮಗಳು. ಈ ಮನ್ಯಾಗ ಇಕಿ ಯಾರಿಗೂ ಎದ್ದು ನಿಲ್ಲಾಂಗಿಲ್ಲ, ತಲಿಮ್ಯಾಗ ಸೆರಗ ಹೊದಿಯಾಂಗಿಲ್ಲ. ಅಷ್ಟ ನಾ ಕೇಳೂದು.”

ಕಲ್ಲಪ್ಪ ಒಳಗೆ ಹೋಗಿ ನನಗೆ ಮಲಗಲು ಹೊರಸು ಹೊತ್ತು ತಂದು ಅಂಗಳದ ಬೇವಿನ ಕೆಳಗೆ ಹಾಕಿದರು. ಅದರ ಮೇಲೆ ಕೌದಿ ಹಾಸಿದವರು ಭೀಮವ್ವ.

ಮೂರು ದಿನ ಬರೀ ನಿದ್ದೆ ಮಾಡಿದೆ. ಕಲ್ಲಪ್ಪ ಹೊರಸಿನ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಮೊದಲ ಸಲ ನನ್ನ ಮೈ ತಾನೇ ಏಳಲು ಹೊರಟಿತು. “ಮಲಕೋವಾ” ಎಂದು ಅವರು ಬೇಗ ಬೇಗ ನಡೆದರು. ನಾಲ್ಕನೆಯ ದಿನ ಏಳಬೇಕೆಂಬುದೇ ನೆನಪಾಗಲಿಲ್ಲ. ಅಂದು ಹಸಿವಾಯಿತು. ಮೆತ್ತಗಿನ ಅನ್ನ, ಮಜ್ಜಿಗೆ. ಇನ್ನಷ್ಟು ಬೇಕೆಂದು ಕೇಳಿದೆ.

ಆಮೇಲೆ ನಡಿಗೆ. ಮೊದಲು ಬಾವಿಯವರೆಗೆ, ಮರುದಿನ ಊರ ಬಾಗಿಲಿನವರೆಗೆ, ಹನ್ನೆರಡನೆಯ ದಿನ ಹೊಳೆಯವರೆಗೆ. ಘಟಪ್ರಭೆ ಅಲ್ಲಿ ಅವಸರವಿಲ್ಲದೆ ಹರಿಯುತ್ತದೆ. ಅತ್ತೆ ಸೀರೆ ಮೊಣಕಾಲಿಗೆತ್ತಿ ನೀರಿಗಿಳಿದರು, ಹುಣಸೆಕಾಯಿಗೆ ಉಪ್ಪು ಹಚ್ಚಿ ತಿಂದರು, ಬಾಲ್ಯದ ಗೆಳತಿಯನ್ನು ದಡದಿಂದಲೇ ಕೂಗಿ ಬೈದರು. ಅವರಿಗೆ ಅಷ್ಟು ದೊಡ್ಡ ಧ್ವನಿ ಇದೆಯೆಂದು ಎಂಟು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ತಲೆನೋವೆಂದು ದಿನಾ ಹಣೆಗೆ ಬಿಗಿಯುತ್ತಿದ್ದ ಬಟ್ಟೆಯನ್ನು ಅವರು ಯಾವಾಗ ಬಿಚ್ಚಿಟ್ಟರೋ ನಾನು ಗಮನಿಸಲಿಲ್ಲ. ಅದೂ ಒಂದು ರೋಗವಾಗಿತ್ತು. ನಮ್ಮ ಮನೆಯಲ್ಲಿ ಅದನ್ನು ಅತ್ತೆಯ ಸ್ವಭಾವ ಎಂದುಕೊಂಡಿದ್ದೆವು.

ಹವಾ ಬದಲು ಎಂದರೇನೆಂದು ಹೊಳೆಯ ದಡದಲ್ಲಿ ಕೂತು ಬಹಳ ಯೋಚಿಸಿದೆ. ಗಾಳಿ ಒಳ್ಳೆಯದಿತ್ತು, ನಿಜ. ಆದರೆ ಮೂಡಲಗಿಯ ಗಾಳಿಯೇನು ಕೆಟ್ಟದ್ದಲ್ಲ. ಅಲ್ಲಿ ಒಲೆಯ ಸಪ್ಪಳ, ಬೀಸುವ ಕಲ್ಲಿನ ಸಪ್ಪಳ, ಬಾಗಿಲಲ್ಲಿ ಚಪ್ಪಲಿಯ ಸಪ್ಪಳ ಎಲ್ಲವೂ ನನ್ನ ಮೈಗೆ ಅಪ್ಪಣೆಗಳಾಗಿದ್ದವು. ಮಲಗಿದ್ದಾಗಲೂ ಮೈ ಕಿವಿಗೊಟ್ಟು ಕಾಯುತ್ತಿತ್ತು. ದಡ್ಡಿಯಲ್ಲೂ ಅವೇ ಸಪ್ಪಳಗಳಿದ್ದವು. ಅವು ನನ್ನನ್ನು ಕರೆಯುತ್ತಿರಲಿಲ್ಲ.

ಹದಿನೇಳನೆಯ ದಿನ ಶಾಂತಾ ಮರಳಿನಲ್ಲಿ ಮುಳ್ಳು ತುಳಿದು ಅತ್ತಳು. ಅತ್ತೆಯ ಕಡೆಗೆ ಓಡುತ್ತಿದ್ದವಳನ್ನು ನಡುವೆಯೇ ಹಿಡಿದು ಎತ್ತಿಕೊಂಡೆ.

ಕಾಲು ಕುಸಿಯದೆ ನಿಂತವು.

ಅತ್ತೆ ನೋಡಿದರು. ಹತ್ತಿರ ಬರಲಿಲ್ಲ. ತಿರುಗಿ ಬಟ್ಟೆ ಒಗೆಯತೊಡಗಿದರು, ಒಂದೇ ಸೀರೆಯನ್ನು ಬಹಳ ಹೊತ್ತು.

ಹೊರಡುವ ದಿನ ಭೀಮವ್ವ ಇಬ್ಬರಿಗೂ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ರವಿಕೆಗೆಂದು ಕುಬಸದ ಕಣ. “ಬರೂ ಪಂಚಮಿಗೆ ಕರಿಯಾಕ ಬರ್ತೀನಿ, ಅಕ್ಕಾ” ಎಂದರು ಕಲ್ಲಪ್ಪ. “ಬಂದ್ರ ಬಾ. ಬರದಿದ್ರೂ ನನಗ ದಾರಿ ಗೊತ್ತೈತಿ” ಎಂದರು ಅತ್ತೆ.

ಮರಳುವಾಗ ಗೋಕಾಕದಲ್ಲಿ ದವಾಖಾನೆಗೆ ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಸ್ಟೆಥಾಸ್ಕೋಪ್ ಇಟ್ಟರು, ಇನ್ನು ಬರಬೇಕಾಗಿಲ್ಲ ಎಂದರು. ನಾನು ಎದ್ದೆ. ಅತ್ತೆ ಏಳಲಿಲ್ಲ.

“ಒಂದು ಚೀಟಿ ಬರದು ಕೊಡ್ರಿ ಡಾಕ್ಟರ. ವರ್ಷಕ್ಕ ಒಮ್ಮೆ ಹವಾ ಬದಲು ಅಂತ. ನಮಗಿಬ್ಬರಿಗೂ.”

“ನಿಮಗೇನು ಬ್ಯಾನಿ?”

“ಮೂವತ್ತು ವರ್ಷ ಒಂದ ಒಲಿ ಮುಂದ ಕುಂತೇನಿ. ಅದಕ್ಕ ನಿಮ್ಮ ಪುಸ್ತಕದಾಗ ಏನಂತಾರೋ ಗೊತ್ತಿಲ್ಲ. ನಮ್ಮ ಮನ್ಯಾಗ ಹೆಣ್ಣಮಕ್ಕಳ ಮಾತು ನಡಿಯಾಂಗಿಲ್ರಿ. ಚೀಟಿ ನಡೀತೈತಿ.”

ಡಾಕ್ಟರು ನಗಲಿಲ್ಲ. ಬರೆದರು. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು. ಮೋಟಾರಿನಲ್ಲಿ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ.

ಈಗ ನಾಲ್ಕು ತಿಂಗಳಾಗಿವೆ. ಕೂದಲು ಗಿಡ್ಡವಾಗಿ ಮತ್ತೆ ಹುಟ್ಟುತ್ತಿದೆ. ಎಡಗಿವಿಯಲ್ಲಿ ಸದ್ದು ಉಳಿದಿದೆ, ಸಂಜೆಯಾದರೆ ಮೊಣಕಾಲು ಸೋಲುತ್ತವೆ. ಇನ್ನೊಂದು ಜ್ವರ ಬರಲಾರದೆಂದು ಯಾರೂ ನನಗೆ ಮಾತು ಕೊಟ್ಟಿಲ್ಲ. ನಾನೂ ಕೇಳಿಲ್ಲ. ಮೊನ್ನೆ ಜೋಳದ ಚೀಲ ಸರಿಸುತ್ತಿದ್ದಾಗ ಅತ್ತೆ ಬಂದು ಕೈ ಹಿಡಿದರು.

“ಪೂರಾ ಗಟ್ಟಿ ಆಗಬ್ಯಾಡವಾ,” ಎಂದರು ಮೆಲ್ಲಗೆ, “ಚೀಟಿ ಸುಳ್ಳಾಗತೈತಿ.”